ಅಪ್ಪನ ರೋಡ್‌ಕಿಂಗ್ ಟ್ಯಾಂಕ್ ಕತ್ತರಿಸಿ ದೊಡ್ಡದು ಮಾಡಬಹುದಾ? ಮನೆಯಲ್ಲಿ ಮಾಡಿ ನೋಡಿದವರು ಹೇಳಿ

ರೋಡ್‌ಕಿಂಗ್ 87, ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಸಲಹೆ ಕೊಡಿ.

ನಮ್ಮದು 1987ರ ಯೆಜ್ಡಿ ರೋಡ್‌ಕಿಂಗ್. ಅಪ್ಪ ತೆಗೆದುಕೊಂಡ ಬೈಕ್. ಆಗ ಯಾದವಗಿರಿಯ ಫ್ಯಾಕ್ಟರಿ ನಡೆಯುತ್ತಿತ್ತು, ಸಂಜೆ ಶಿಫ್ಟ್ ಬಿಟ್ಟರೆ ರಸ್ತೆ ತುಂಬ ಯೆಜ್ಡಿ ಶಬ್ದವೇ ಅಂತ ಅಪ್ಪ ಹೇಳುತ್ತಿದ್ದರು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ನಮ್ಮ ಗಾಡಿ ಮಾತ್ರ ಓಡುತ್ತಲೇ ಇತ್ತು. ಅಪ್ಪ ಹೋಗಿ ಮೂರು ವರ್ಷ ಆಯಿತು. ಅವತ್ತಿನಿಂದ ಶೆಡ್‌ನಲ್ಲಿ ಟಾರ್ಪಾಲ್ ಹೊದ್ದು ನಿಂತಿದೆ, ಟ್ಯಾಂಕ್‌ನಲ್ಲಿ ಅರ್ಧ ಪೆಟ್ರೋಲ್ ಹಾಗೇ ಇತ್ತು.

ಹೋದ ತಿಂಗಳು ಮುಚ್ಚಳ ತೆಗೆದೆ. ಬಂದಿದ್ದು ಪೆಟ್ರೋಲ್ ವಾಸನೆ ಅಲ್ಲ, ಹಳೇ ವಾರ್ನಿಷ್ ವಾಸನೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಕೆಮ್ಮಣ್ಣಿನ ಬಣ್ಣ, ತಳದಲ್ಲಿ ಕಾಫಿ ಚರಟದ ಹಾಗೆ ಏನೋ ಕೂತಿದೆ. ಪೆಟ್ರೋಲ್ ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ಪಕ್ಕ ತಗಡು ಸೇರುವ ಕಡೆ ಒದ್ದೆ, ಅಂದರೆ ತೂತು ಬಿದ್ದಿದೆ. ಸದ್ಯಕ್ಕೆ ಬಟ್ಟೆ ಸೋಪು ಉಜ್ಜಿ ನಿಲ್ಲಿಸಿದ್ದೆ.

ಇನ್ನೊಂದು ವಿಷಯ. ಮುಂದಿನ ವರ್ಷ ಇದೇ ಗಾಡಿಯಲ್ಲಿ ಮನಾಲಿಯಿಂದ ಲೇಹ್‌ಗೆ ಹೋಗಬೇಕು ಅಂತ ಆಸೆ. ಅಪ್ಪನಿಗೂ ಇತ್ತು. ಆ ದಾರಿಯಲ್ಲಿ ತಾಂಡಿ ಅನ್ನುವ ಕಡೆಯ ಬಂಕ್ ಬಿಟ್ಟರೆ ಮುಂದಿನ ಬಂಕ್ 365 ಕಿ.ಮೀ. ಅಂತ ಅಲ್ಲಿ ಬೋರ್ಡೇ ಇದೆ ಅಲ್ವಾ. ನಮ್ಮ ಟ್ಯಾಂಕ್ ಹೆಚ್ಚುಕಡಿಮೆ 13 ಲೀಟರ್ ಹಿಡಿಯುತ್ತದೆ. ಹೇಗೂ ರಿಪೇರಿ ಆಗಬೇಕು, ಟ್ಯಾಂಕನ್ನು ಅಡ್ಡ ಕತ್ತರಿಸಿ ನಡುವೆ ಮೂರು ಇಂಚು ತಗಡು ಸೇರಿಸಿ 18 ಲೀಟರ್ ಮಾಡಿಬಿಡೋಣ ಅಂತ ಯೋಚನೆ. ಗ್ರೈಂಡರ್ ನನ್ನ ಹತ್ತಿರ ಇದೆ, ವೆಲ್ಡಿಂಗ್ ಮಷಿನ್ ಭಾವನ ಹತ್ತಿರ ಇದೆ. ಪೆಟ್ರೋಲ್ ಪೂರ್ತಿ ಬಗ್ಗಿಸಿ, ಸೋಪಿನ ಪುಡಿ ನೀರಲ್ಲಿ ಎರಡು ಸಲ ಕುಲುಕಿ ತೊಳೆದಿದ್ದೇನೆ. ಭಾನುವಾರ ಶುರು ಮಾಡುತ್ತೇವೆ. ಎಲ್ಲಿಂದ ಕತ್ತರಿಸಿದರೆ ಒಳ್ಳೆಯದು?

ಹಳೇ ಮೆಕ್ಯಾನಿಕ್, ಹಾಸನ

ತಮ್ಮಾ, ಭಾನುವಾರ ಏನೂ ಮಾಡಬೇಡ. ಗ್ರೈಂಡರ್ ಪ್ಲಗ್ ಕಿತ್ತಿಡು. ಅಂಗಡಿ ಮುಚ್ಚಿ ಬಂದು ರಾತ್ರಿ ಬರೆಯುತ್ತೇನೆ.

ಆರೆಕ್ಸ್ ಪ್ರೇಮಿ, ದಾವಣಗೆರೆ

ಅಷ್ಟೆಲ್ಲ ಹೆದರಬೇಕಾಗಿಲ್ಲ ಗುರು. ನಾನು ನನ್ನ ಆರ್‌ಎಕ್ಸ್ 100 ಟ್ಯಾಂಕ್ ಡೆಂಟ್ ತೆಗೆಸುವಾಗ ತಳದಲ್ಲಿ ಕತ್ತರಿಸಿ, ಒಳಗಿಂದ ತಟ್ಟಿಸಿ, ಮತ್ತೆ ಗ್ಯಾಸ್ ವೆಲ್ಡಿಂಗ್ ಮಾಡಿಸಿದೆ. ಏನೂ ಆಗಲಿಲ್ಲ. ಆ ಟಿಂಕರ್ ಅಣ್ಣ ಒಂದು ಉಪಾಯ ಮಾಡಿದರು. ಬೇರೆ ಗಾಡಿ ಸ್ಟಾರ್ಟ್ ಮಾಡಿ, ಸೈಲೆನ್ಸರ್‌ಗೆ ಪೈಪ್ ಹಾಕಿ, ಹೊಗೆಯನ್ನು ಟ್ಯಾಂಕ್ ಒಳಗೆ ಬಿಟ್ಟರು. ಹೊಗೆ ತುಂಬಿದರೆ ಆಮ್ಲಜನಕ ಇರಲ್ಲ, ಬೆಂಕಿ ಹತ್ತಲ್ಲ. ತಗಡಿನ ತಲೆನೋವೇ ಬೇಡ ಅಂದರೆ ಫೈಬರ್ ಟ್ಯಾಂಕ್ ಮಾಡಿಕೊಳ್ಳಿ. ನಾನು ನನ್ನ ಎರಡನೇ ಗಾಡಿಗೆ ಅಚ್ಚು ಕೊರೆದು, ಮೇಲೆ ರೆಸಿನ್ ಮತ್ತು ಗ್ಲಾಸ್ ಮ್ಯಾಟ್ ಹಾಕಿ ಮನೆಯಲ್ಲೇ ಮಾಡಿದ್ದೇನೆ. ಬೇಕಾದ ಶೇಪ್, ಬೇಕಾದಷ್ಟು ಲೀಟರ್.

ಹಳೇ ಮೆಕ್ಯಾನಿಕ್, ಹಾಸನ

ಬಂದೆ. ಈಗ ನಾನು ಹೇಳುವುದನ್ನು ಪೂರ್ತಿ ಓದಿ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ನಾನು ಕೆಲಸ ಕಲಿಯುತ್ತಿದ್ದ ಗ್ಯಾರೇಜ್ ಪಕ್ಕದಲ್ಲೇ ಒಂದು ವೆಲ್ಡಿಂಗ್ ಅಂಗಡಿ ಇತ್ತು. ಅಂಗಡಿ ಹೆಸರು ಬೇಡ, ಮನುಷ್ಯ ಒಳ್ಳೆಯವರು, ಕೈಕೆಲಸವೂ ಚೊಕ್ಕ. ಒಬ್ಬರು ಟ್ಯಾಂಕ್ ತಂದರು, ನಿನ್ನ ಹಾಗೇ ಪೆಟ್ರೋಲ್ ಬಗ್ಗಿಸಿ, ಸೋಪಿನ ನೀರಲ್ಲಿ ತೊಳೆದು, ಮೂರು ದಿನ ಬಿಸಿಲಲ್ಲಿ ಬಾಯಿ ತೆರೆದಿಟ್ಟು ತಂದಿದ್ದರು. ಮೂಗಿಟ್ಟು ನೋಡಿದರೆ ವಾಸನೆಯೇ ಇಲ್ಲ. ಅವರು ಗ್ಯಾಸ್ ಹಚ್ಚಿ ತಳಕ್ಕೆ ಹಿಡಿದರು. ಒಂದು ನಿಮಿಷ ಏನೂ ಆಗಲಿಲ್ಲ. ತಗಡು ಕೆಂಪಗಾಯಿತು, ಕಡ್ಡಿ ಕರಗಲು ಶುರುವಾಯಿತು. ಆಮೇಲೆ ಡಬ್ ಅಂತ ಒಂದೇ ಶಬ್ದ. ಟ್ಯಾಂಕ್ ಪೂರಿಯ ಹಾಗೆ ಉಬ್ಬಿತ್ತು. ಕೆಳಗಿನ ಜೋಡಣೆ ಒಂದು ಗೇಣು ಬಾಯಿ ಬಿಟ್ಟಿತ್ತು. ಅವರ ಹುಬ್ಬು, ಮುಂದಲೆ ಕೂದಲು ಇರಲಿಲ್ಲ, ಮೊಣಕೈವರೆಗೆ ಚರ್ಮ ಸುಲಿದು ಜೋತು ಬಿದ್ದಿತ್ತು. ನಾನು ಕೊಡದಲ್ಲಿದ್ದ ನೀರನ್ನು ಅವರ ಕೈ ಮೇಲೆ ಸುರಿಯುತ್ತಲೇ ಆಸ್ಪತ್ರೆವರೆಗೆ ಆಟೋದಲ್ಲಿ ಕೂತಿದ್ದೆ. ಕೈ ಉಳಿಯಿತು, ಆದರೆ ಎರಡು ಬೆರಳು ಪೂರ್ತಿ ಮಡಚಲು ಇವತ್ತಿಗೂ ಆಗುವುದಿಲ್ಲ.

ವಾಸನೆ ಇಲ್ಲ, ಒಣಗಿದೆ, ಆದರೂ ಯಾಕೆ ಹೀಗಾಯಿತು? ತುಕ್ಕು ಸ್ಪಂಜಿನ ಹಾಗೆ. ಎರಡು ತಗಡು ಮಡಚಿ ಸೇರಿಸಿದ ಕಡೆ, ಟ್ಯಾಂಕ್ ಫ್ರೇಮ್ ಮೇಲೆ ಕೂರುವ ನಡುವಿನ ಸುರಂಗದ ಮೂಲೆಯಲ್ಲಿ, ತುಕ್ಕಿನ ಪದರದ ಒಳಗೆ ಪೆಟ್ರೋಲ್ ಕೂತಿರುತ್ತದೆ. ತಣ್ಣಗಿರುವಾಗ ಹೊರಗೆ ಬರುವುದಿಲ್ಲ. ನೀನು ತಗಡು ಕಾಯಿಸಿದ ತಕ್ಷಣ ಆವಿಯಾಗಿ ಬರುತ್ತದೆ, ಬರುವ ಹೊತ್ತಿಗೆ ನಿನ್ನ ಕೈಯಲ್ಲಿ ಬೆಂಕಿ ಇರುತ್ತದೆ.

ದಾವಣಗೆರೆಯವರಿಗೆ ಏನೂ ಆಗಲಿಲ್ಲ, ಒಳ್ಳೆಯದೇ ಆಯಿತು. ಆದರೆ ಆ ಹೊಗೆ ಉಪಾಯ ಯಾರಿಗೂ ಹೇಳಿಕೊಡಬೇಡಿ. ಆ ಹೊಗೆಯಲ್ಲಿ ಆಮ್ಲಜನಕ ಪೂರ್ತಿ ಹೋಗಿರುವುದಿಲ್ಲ. ಅದರಲ್ಲೂ ಟೂ ಸ್ಟ್ರೋಕ್ ಗಾಡಿ ಆದರೆ ಸೈಲೆನ್ಸರ್‌ನಿಂದ ಸುಡದ ಪೆಟ್ರೋಲ್ ಕೂಡ ಬರುತ್ತದೆ. ಟ್ಯಾಂಕ್ ಖಾಲಿ ಮಾಡಿ, ಅದೇ ಟ್ಯಾಂಕ್‌ಗೆ ಪೆಟ್ರೋಲ್ ಆವಿಯನ್ನೇ ಮತ್ತೆ ತುಂಬಿದ ಹಾಗಾಯಿತು.

ಲ್ಯಾಬ್ ಮೇಡಂ, ತುಮಕೂರು

ನಾನು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ, ಮನೆಯಲ್ಲಿ ಒಂದು ಹಳೇ ಜಾವಾ ಇದೆ. ಹಾಸನದ ಅಣ್ಣ ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ.

ಪೆಟ್ರೋಲ್ ಆವಿ ಗಾಳಿಯಲ್ಲಿ ಸುಮಾರು 1.4% ಇಂದ 7.6% ಇದ್ದರೆ ಕಿಡಿ ತಾಗಿದ ತಕ್ಷಣ ಸಿಡಿಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಹತ್ತುವುದಿಲ್ಲ, ಜಾಸ್ತಿ ಇದ್ದರೆ ಗಾಳಿ ಸಾಲದೆ ಸಿಡಿಯುವುದಿಲ್ಲ. ತುಂಬಿದ ಟ್ಯಾಂಕ್ ಒಳಗೆ ಆವಿ ಜಾಸ್ತಿ, ಗಾಳಿ ಕಡಿಮೆ. ಖಾಲಿ ಟ್ಯಾಂಕ್‌ನಲ್ಲೇ ಎರಡೂ ಹದವಾಗಿ ಬೆರೆತಿರುತ್ತವೆ. ಅದಕ್ಕೇ ತುಂಬಿದ್ದಕ್ಕಿಂತ ಖಾಲಿ ಮಾಡಿದ ಟ್ಯಾಂಕ್ ಜಾಸ್ತಿ ಅಪಾಯ.

ಎಷ್ಟು ಪೆಟ್ರೋಲ್ ಉಳಿದಿದ್ದರೆ ಸಾಕು ಗೊತ್ತಾ? ಒಂದು ಮಿಲಿ ಪೆಟ್ರೋಲ್ ಆವಿಯಾದರೆ ಸುಮಾರು 180 ಮಿಲಿ ಜಾಗ ಹಿಡಿಯುತ್ತದೆ. 13 ಲೀಟರ್ ಟ್ಯಾಂಕ್‌ನ 1.4% ಅಂದರೂ ಅಷ್ಟೇ. ಅಂದರೆ ಒಂದೇ ಮಿಲಿ, ಒಂದು ಟೀ ಚಮಚದ ಐದನೇ ಒಂದು ಭಾಗ ಸಾಕು. ಎರಡು ಸಲ ಕುಲುಕಿ ತೊಳೆದ ತುಕ್ಕು ಹಿಡಿದ ಟ್ಯಾಂಕ್‌ನಲ್ಲಿ ಅಷ್ಟು ಉಳಿದಿಲ್ಲ ಅಂತ ಯಾರು ಹೇಳುತ್ತಾರೆ? ಇನ್ನು ಚಳಿಗೆ ಆವಿ ಆಗಲ್ಲ ಅನ್ನುವುದೂ ಸುಳ್ಳು. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಪೆಟ್ರೋಲ್ ಹತ್ತುವಷ್ಟು ಆವಿ ಬಿಡುತ್ತದೆ.

ಗ್ರೈಂಡರ್ ಕಿಡಿ ಕೂಡ ಬೆಂಕಿಯೇ. ವೆಲ್ಡಿಂಗ್‌ವರೆಗೆ ಹೋಗಬೇಕಾಗಿಲ್ಲ, ಕತ್ತರಿಸುವಾಗಲೇ ಆಗಬಹುದು.

ಮಲ್ನಾಡ್ ಬುಲೆಟ್, ಶಿರಸಿ

ಮೇಡಂ ಹೇಳಿದ್ದರ ಜೊತೆ ಇನ್ನೊಂದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ಹರಿಯುತ್ತದೆ. ನಮ್ಮ ಮನೆಯ ಹಿಂದುಗಡೆ ಜಗಲಿಯಲ್ಲಿ ಟ್ಯಾಂಕ್ ಬಿಚ್ಚಿ ಪೆಟ್ರೋಲ್ ಬಗ್ಗಿಸುತ್ತಿದ್ದೆ. ಬಚ್ಚಲಲ್ಲಿ ಹಂಡೆ ಒಲೆ ಉರಿಯುತ್ತಿತ್ತು, ನಡುವೆ ಹತ್ತು ಹನ್ನೆರಡು ಅಡಿ ದೂರ. ಅಜ್ಜಿ ಬಚ್ಚಲಿನಿಂದ ಕೂಗಿದಳು, "ಏನೋ ವಾಸನೆ ಬರ್ತಾ ಇದೆ ಕಣೋ" ಅಂತ. ಎರಡು ಕೊಡ ನೀರು ಒಲೆಗೆ ಸುರಿದೆ, ಆವತ್ತು ಯಾರಿಗೂ ಸ್ನಾನ ಇಲ್ಲ. ಅದಾದ ಮೇಲೆ ಅಂಗಳದ ಆಚೆ, ತೋಟದ ಬದಿಯಲ್ಲೇ ಮಾಡುವುದು. ದೇವರ ದೀಪ, ಗ್ಯಾಸ್ ಒಲೆ, ಸ್ವಿಚ್ ಬೋರ್ಡ್, ಮನೆಯಲ್ಲಿ ಕಿಡಿಗೆ ಏನೂ ಬರ ಇಲ್ಲ.

ರೋಡ್‌ಕಿಂಗ್ 87, ಮೈಸೂರು

ಓದಿ ಕೈ ನಡುಗಿತು. ನಮ್ಮ ಶೆಡ್ ಇರುವುದು ಅಡುಗೆಮನೆ ಕಿಟಕಿ ಕೆಳಗೆ. ಟ್ಯಾಂಕನ್ನು ತಾರಸಿಗೆ ಒಯ್ದು, ಬಾಯಿ ತೆರೆದು, ನೀರು ತುಂಬಿ ಇಟ್ಟಿದ್ದೇನೆ. ಭಾವನಿಗೆ ಬೇಡ ಅಂತ ಫೋನ್ ಮಾಡಿದೆ. ಹಾಗಾದರೆ ಇದನ್ನು ವೆಲ್ಡಿಂಗ್ ಮಾಡಿಸುವುದೇ ಆಗಲ್ವಾ?

ಗಲ್ಫ್ ವೆಲ್ಡರ್, ಉಡುಪಿ ಮೂಲ, ಈಗ ಮಸ್ಕತ್

ಆಗುತ್ತೆ ಮಾರಾಯ್ರೆ, ಆದರೆ ಮನೆಯಲ್ಲಿ ಅಲ್ಲ. ನಾನು ಹದಿನಾಲ್ಕು ವರ್ಷದಿಂದ ಎಣ್ಣೆ ಟ್ಯಾಂಕ್, ಪೈಪ್‌ಲೈನ್ ವೆಲ್ಡಿಂಗ್ ಮಾಡುತ್ತಿದ್ದೇನೆ. ನಮ್ಮಲ್ಲಿ ಹಾಟ್ ವರ್ಕ್ ಪರ್ಮಿಟ್ (ಬೆಂಕಿ, ಕಿಡಿಯ ಕೆಲಸಕ್ಕೆ ಅನುಮತಿ ಚೀಟಿ) ಇಲ್ಲದೆ ಬೆಂಕಿಕಡ್ಡಿ ಕೂಡ ಗೀರುವ ಹಾಗಿಲ್ಲ. ಮೊದಲು ಹಬೆಯಿಂದ ತೊಳೆಯುತ್ತಾರೆ. ಆಮೇಲೆ ಗ್ಯಾಸ್ ಮೀಟರ್ ಒಳಗೆ ಬಿಟ್ಟು ಸೊನ್ನೆ ತೋರಿಸಬೇಕು. ಊಟಕ್ಕೆ ಹೋಗಿ ಬಂದರೆ ಮತ್ತೆ ಮೀಟರ್ ಹಿಡಿಯಬೇಕು, ಯಾಕೆಂದರೆ ತುಕ್ಕಿನ ಪದರದಿಂದ ಆವಿ ನಿಧಾನವಾಗಿ ಬರುತ್ತಲೇ ಇರುತ್ತದೆ. ಹಾಸನದ ಅಣ್ಣ ಕಣ್ಣಲ್ಲಿ ನೋಡಿದ್ದು ಅದನ್ನೇ. ಅಷ್ಟು ದೊಡ್ಡ ಕಂಪನಿಯವರು, ಅಷ್ಟು ಕಲಿತವರು ಮೂಗನ್ನು ನಂಬುವುದಿಲ್ಲ. ನಾವು ನಂಬಬೇಕಾ?

ಸಣ್ಣ ಟ್ಯಾಂಕ್‌ಗೆ ಎರಡು ದಾರಿ. ಒಂದು, ಟ್ಯಾಂಕನ್ನು ತೂತು ಮೇಲೆ ಬರುವಂತೆ ತಿರುಗಿಸಿ, ತೂತಿನ ಹತ್ತಿರದವರೆಗೂ ನೀರು ತುಂಬಿ, ಆವಿ ಸೇರಲು ಜಾಗವೇ ಇಲ್ಲದ ಹಾಗೆ ಮಾಡುವುದು. ಇನ್ನೊಂದು, ಒಳಗೆ ಬೆಂಕಿ ಹತ್ತದ ಆರ್ಗಾನ್ ಗ್ಯಾಸ್ ಬಿಡುತ್ತಾ ಇರುವಾಗಲೇ ಟಿಗ್ ವೆಲ್ಡಿಂಗ್ (ಕರೆಂಟ್ ಬೆಸುಗೆ) ಮಾಡುವುದು. ಆರ್ಗಾನ್ ಗಾಳಿಯನ್ನು ತಳ್ಳಿಬಿಡುತ್ತದೆ, ಒಳಗಡೆ ಬೆಸುಗೆ ಕೂಡ ಕಪ್ಪಾಗುವುದಿಲ್ಲ. ಇದನ್ನು ಮಾಡಿ ಅಭ್ಯಾಸ ಇರುವವರನ್ನು ಹುಡುಕಿ. ಎಷ್ಟೋ ಊರಲ್ಲಿ ರೇಡಿಯೇಟರ್ ರಿಪೇರಿ ಮಾಡುವವರು ಟ್ಯಾಂಕ್ ಕೂಡ ಮಾಡುತ್ತಾರೆ. ಹೋದಾಗ "ಟ್ಯಾಂಕ್ ಹೇಗೆ ತೊಳೀತೀರಿ, ಒಳಗೆ ಏನು ತುಂಬ್ತೀರಿ" ಅಂತ ಕೇಳಿ. "ಏನೂ ಆಗಲ್ಲ ಕೊಡಿ" ಅಂದರೆ ಟ್ಯಾಂಕ್ ಎತ್ತಿಕೊಂಡು ವಾಪಸ್ ಬನ್ನಿ.

ಒಂದು ತೂತು ಮುಚ್ಚುವುದು ಬೇರೆ, ಇಡೀ ಟ್ಯಾಂಕ್ ಕತ್ತರಿಸಿ ಸುತ್ತ ಜೋಡಿಸುವುದು ಬೇರೆ. ಹಳೇ ತಗಡು ತೆಳ್ಳಗೆ, ಒಳಗಿಂದ ತುಕ್ಕು ತಿಂದಿರುತ್ತದೆ. ಉದ್ದಕ್ಕೆ ಬೆಸೆದರೆ ಶಾಖಕ್ಕೆ ಸೊಟ್ಟಗಾಗುತ್ತದೆ. ಆಮೇಲೆ ಬೆಸುಗೆ ಪಕ್ಕದಲ್ಲೇ, ಇಂಜಿನ್ ನಡುಕಕ್ಕೆ ಸಣ್ಣ ಬಿರುಕು ಶುರು. ಆ ಬಿರುಕಿನ ಕೆಳಗೇ ಬಿಸಿ ಸಿಲಿಂಡರ್ ಇರುತ್ತದೆ. ಅದೂ ಅಲ್ಲದೆ ಟ್ಯಾಂಕ್ ಅಗಲ ಆದರೆ ಹ್ಯಾಂಡಲ್ ಪೂರ್ತಿ ತಿರುಗುವಾಗ ತಾಗುತ್ತದೆ, ಉದ್ದ ಆದರೆ ಸೀಟು ಹಿಂದೆ ಹೋಗಬೇಕು.

ವಕೀಲ ರೈಡರ್, ಧಾರವಾಡ

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಆರ್‌ಸಿಯಲ್ಲಿ ಟ್ಯಾಂಕ್ ಎಷ್ಟು ಲೀಟರ್ ಅಂತ ಇರುವುದಿಲ್ಲ, ಬಣ್ಣ ಇರುತ್ತದೆ. ಟ್ಯಾಂಕ್ ಬಣ್ಣ ಬದಲಾಯಿಸಿದರೂ ಆರ್‌ಟಿಒಗೆ ತಿಳಿಸಬೇಕು. ನಿಮ್ಮದು 1987ರ ಗಾಡಿ, ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಗಾಡಿ ತೋರಿಸಲೇಬೇಕು. ಇನ್ಷೂರೆನ್ಸ್ ಕಡೆಯವರಿಗೆ ಹೇಳದೆ ಟ್ಯಾಂಕ್ ಬದಲಿಸಿ, ಆಮೇಲೆ ಬೆಂಕಿ ಬಿದ್ದರೆ ಕ್ಲೇಮ್ ಮರೆತುಬಿಡಿ.

ರಿಪೇರಿಗೆ, ತುಕ್ಕು ತೆಗೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಲ್ಯಾಬ್ ಮೇಡಂ, ತುಮಕೂರು

ಲೇಹ್‌ಗೆ 18 ಲೀಟರ್ ಬೇಕು ಅಂದರಲ್ಲ, ಅದಕ್ಕೆ ಟ್ಯಾಂಕ್ ಯಾಕೆ ಕತ್ತರಿಸಬೇಕು? ಗಾಡಿ ಊರಲ್ಲಿ ಎಷ್ಟು ಕೊಡುತ್ತದೆ?

ರೋಡ್‌ಕಿಂಗ್ 87, ಮೈಸೂರು

ಅಪ್ಪ ಓಡಿಸುವಾಗ ಲೀಟರ್‌ಗೆ 28 ಕೊಡುತ್ತಿತ್ತು ಮೇಡಂ.

ಲ್ಯಾಬ್ ಮೇಡಂ, ತುಮಕೂರು

ಘಾಟಿ, ತೆಳು ಗಾಳಿ, ಲಗೇಜ್ ಎಲ್ಲ ಸೇರಿ 22 ಅಂತ ಇಟ್ಟುಕೊಳ್ಳಿ. 365 ಕಿ.ಮೀ.ಗೆ ಸುಮಾರು ಹದಿನಾರೂವರೆ ಲೀಟರ್. ಟ್ಯಾಂಕ್‌ನಲ್ಲಿ 13, ಒಂದು ಐದು ಲೀಟರ್ ಲೋಹದ ಕ್ಯಾನ್, ಸೇರಿದರೆ 18. 396 ಕಿ.ಮೀ. ಆಯಿತು. ಪೆಟ್ರೋಲ್ ಲೀಟರ್‌ಗೆ ಮುಕ್ಕಾಲು ಕೆ.ಜಿ. ತೂಗುತ್ತದೆ, ಐದು ಲೀಟರ್‌ಗೆ ನಾಲ್ಕು ಕೆ.ಜಿ. ಒಳಗೇ.

ವಕೀಲ ರೈಡರ್, ಧಾರವಾಡ

ಹೌದು, ಅದು ಕಾನೂನಿಗೂ ಸರಿ. 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಲೈಸೆನ್ಸ್ ಬೇಡ. ಗಾಜು, ಪಿಂಗಾಣಿ ಆದರೆ ಒಂದು ಲೀಟರ್‌ವರೆಗೆ, ಲೋಹದ ಡಬ್ಬಿ ಆದರೆ 25 ಲೀಟರ್‌ವರೆಗೆ, ಭದ್ರವಾದ ಮುಚ್ಚಳ ಇರಬೇಕು. ನೀರಿನ ಪ್ಲಾಸ್ಟಿಕ್ ಬಾಟಲಿಗೆ ಅಲ್ಲಿ ಜಾಗ ಇಲ್ಲ.

ಹಳೇ ಮೆಕ್ಯಾನಿಕ್, ಹಾಸನ

ಕ್ಯಾನ್ ಸೈಲೆನ್ಸರ್ ಕಡೆ ಕಟ್ಟಬೇಡ ತಮ್ಮಾ. ಯೆಜ್ಡಿಗೆ ಎರಡೂ ಕಡೆ ಸೈಲೆನ್ಸರ್ ಅಲ್ವಾ, ಹಾಗಾಗಿ ಮೇಲೆ ಕ್ಯಾರಿಯರ್‌ನಲ್ಲಿ ನೆಟ್ಟಗೆ ನಿಲ್ಲಿಸಿ ಬಿಗಿ. ಕಂಠದವರೆಗೂ ತುಂಬಬೇಡ. ಬೆಳಿಗ್ಗೆ ಚಳಿಯಲ್ಲಿ ತುಂಬಿದ್ದು ಮಧ್ಯಾಹ್ನ ಬಿಸಿಲಿಗೆ ಹಿಗ್ಗುತ್ತದೆ, ಹತ್ತು ಲೀಟರ್‌ಗೆ ಇಪ್ಪತ್ತು ಡಿಗ್ರಿ ಏರಿದರೆ ಕಾಲು ಲೀಟರ್‌ಗೆ ಸ್ವಲ್ಪ ಕಡಿಮೆ. ಕ್ಯಾನ್‌ಗೆ ತುಂಬುವಾಗ ನೆಲದ ಮೇಲಿಟ್ಟು ತುಂಬಿಸು. ಪೆಟ್ರೋಲ್ ಜೊತೆ ಬೆರೆಸುವ ಟೂಟಿ (2ಟಿ) ಆಯಿಲ್ ಅಲ್ಲಿ ಸಿಗುತ್ತೆ ಅಂತ ನಂಬಿಕೊಂಡು ಹೋಗಬೇಡ, ಇಲ್ಲಿಂದಲೇ ತೆಗೆದುಕೊಂಡು ಹೋಗು.

ರೋಡ್‌ಕಿಂಗ್ 87, ಮೈಸೂರು

ಆಯಿತು, ಕತ್ತರಿಸುವುದು ಕೈಬಿಟ್ಟೆ. ಈಗ ತುಕ್ಕಿಗೆ ಏನು ಮಾಡಲಿ? ಅಂಗಡಿಯವರು ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿ ಅಂದರು.

ಮಲ್ನಾಡ್ ಬುಲೆಟ್, ಶಿರಸಿ

ಬೇಡ ಬೇಡ. ಆ ಆಸಿಡ್ ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ, ಹೊಗೆ ಎದೆಗೆ ಹತ್ತುತ್ತದೆ. ತೊಳೆದ ಹತ್ತೇ ನಿಮಿಷಕ್ಕೆ ಹಳದಿ ತುಕ್ಕು ಮತ್ತೆ ಬರುತ್ತದೆ.

ನಾನು ಮಾಡಿದ್ದು ಸಿಟ್ರಿಕ್ ಆಸಿಡ್‌ನಲ್ಲಿ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿ. ಅಜ್ಜಿ ತಾಮ್ರದ ಹಂಡೆಗೆ ಹುಣಸೆಹಣ್ಣು ಉಜ್ಜುತ್ತಾಳಲ್ಲ, ಇದೂ ಅದೇ ಜಾತಿಯ ಕೆಲಸ. ಮೊದಲು ಕಾಕ್ ಬಿಚ್ಚಿ. ತೂತಿಗೆ ಹಳೇ ಹವಾಯಿ ಚಪ್ಪಲಿ ರಬ್ಬರ್ ಕತ್ತರಿಸಿ ಬಿರಡೆ ಹಾಕಿ. ಒಂದು ಹಿಡಿ ಸಣ್ಣ ನಟ್ಟು ಬೋಲ್ಟು ಎಣಿಸಿ ಹಾಕಿ, ಸೋಪಿನ ನೀರು ಹಾಕಿ, ಚೆನ್ನಾಗಿ ಕುಲುಕಿ. ಎಣಿಸಿ ಅಂದೆ ಯಾಕೆಂದರೆ ತೆಗೆಯುವಾಗ ಒಂದು ಒಳಗೇ ಉಳಿದರೆ ಅದರ ಸದ್ದು ತಲೆ ತಿನ್ನುತ್ತದೆ. ಜಿಡ್ಡು, ಹಳೇ ಪೆಟ್ರೋಲ್ ಅಂಟು ಪೂರ್ತಿ ಹೋದ ಮೇಲೆ, ಲೀಟರ್ ನೀರಿಗೆ 80 ಗ್ರಾಂ ಲೆಕ್ಕದಲ್ಲಿ ನಿಂಬೆ ಉಪ್ಪು ಬಿಸಿನೀರಲ್ಲಿ ಕರಗಿಸಿ ಕಂಠದವರೆಗೂ ತುಂಬಿ. ಮೇಲುಗಡೆ ಗಾಳಿ ಉಳಿದರೆ ಅಲ್ಲಿನ ತುಕ್ಕು ಹಾಗೇ ಇರುತ್ತದೆ. ಒಂದು ರಾತ್ರಿ ಬಿಡಿ, ಸಾಲದಿದ್ದರೆ ಇನ್ನೊಂದು. ಮುಚ್ಚಳ ಬಿಗಿಯಬೇಡಿ, ಗ್ಯಾಸ್ ಬರುತ್ತದೆ. ಹೊರಗೆ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ಒರೆಸಿ.

ಬಗ್ಗಿಸಿದ ಮೇಲೆ ಅಡುಗೆ ಸೋಡಾ ನೀರು, ಆಮೇಲೆ ಸಾದಾ ನೀರು. ಆಮೇಲೆ ತಡಮಾಡದೆ ಒಣಗಿಸಬೇಕು. ನಾನು ಸ್ವಲ್ಪ ಪೆಟ್ರೋಲ್ ಹಾಕಿ ಕುಲುಕಿ ನೀರು ಎಳೆದು, ಹೇರ್ ಡ್ರೈಯರ್ ಹಿಡಿದೆ.

ಹಳೇ ಮೆಕ್ಯಾನಿಕ್, ಹಾಸನ

ಅಯ್ಯೋ ಶಿರಸಿಯವರೇ! ಎಲ್ಲಾ ಚೆನ್ನಾಗಿ ಬರೆದು ಕೊನೆಯ ಸಾಲಿನಲ್ಲಿ ಹೀಗೆ ಬರೆದಿರಲ್ಲ. ಹೇರ್ ಡ್ರೈಯರ್ ಒಳಗೆ ಕೆಂಪಗೆ ಕಾಯುವ ತಂತಿ ಇದೆ, ಮೋಟರ್‌ನಲ್ಲಿ ಕಿಡಿ ಇದೆ. ಪೆಟ್ರೋಲ್ ಹಾಕಿದ ಟ್ಯಾಂಕ್‌ಗೆ ಅದನ್ನು ಹಿಡಿಯುವುದಾ? ಸ್ಪಿರಿಟ್ ಹಾಕಿದರೂ ಅದೇ ಕಥೆ. ನೀರಲ್ಲಿ ತೊಳೆದ ಟ್ಯಾಂಕ್‌ಗೆ ಬಿಸಿಗಾಳಿ ಹಿಡಿಯಿರಿ, ಪೂರ್ತಿ ಒಣಗಿದ ಮೇಲೆ ಡ್ರೈಯರನ್ನು ಮನೆಯೊಳಗೆ ಇಟ್ಟುಬನ್ನಿ, ಆಮೇಲಷ್ಟೇ ಎಣ್ಣೆಯೋ ಪೆಟ್ರೋಲೋ. ದಯವಿಟ್ಟು ಮೇಲಿನದನ್ನು ತಿದ್ದಿ, ನಾಳೆ ಯಾರೋ ಅಷ್ಟನ್ನೇ ಓದಿ ಮಾಡಿಬಿಡುತ್ತಾರೆ.

ಮಲ್ನಾಡ್ ಬುಲೆಟ್, ಶಿರಸಿ

ನಿಮ್ಮ ಮಾತು ನಿಜ ಅಣ್ಣ. ನಾನು ಮಾಡಿದ್ದು ತಪ್ಪು, ಈಗ ಯೋಚಿಸಿದರೆ ಮೈ ಜುಮ್ ಅನ್ನುತ್ತದೆ. ಓದುವವರೇ, ಪೆಟ್ರೋಲ್ ಹಾಕಿದ ಮೇಲೆ ಹೇರ್ ಡ್ರೈಯರ್ ಹಿಡಿಯಬೇಡಿ.

ಲ್ಯಾಬ್ ಮೇಡಂ, ತುಮಕೂರು

ಬ್ಯಾಟರಿ ಚಾರ್ಜರ್, ವಾಷಿಂಗ್ ಸೋಡಾ ಇಟ್ಟು ಕರೆಂಟ್‌ನಿಂದ ತುಕ್ಕು ತೆಗೆಯುವ ದಾರಿಯೂ ಇದೆ. ತಗಡು ಒಂದಿಷ್ಟೂ ಸವೆಯುವುದಿಲ್ಲ. ಆದರೆ ಒಳಗೆ ಬಿಡುವ ಕಡ್ಡಿ ಸಾದಾ ಕಬ್ಬಿಣದ್ದೇ ಇರಬೇಕು. ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ಕ್ರೋಮಿಯಂನ ವಿಷ ನೀರಲ್ಲಿ ಸೇರುತ್ತದೆ. ಕಡ್ಡಿ ಟ್ಯಾಂಕ್‌ಗೆ ತಾಗಬಾರದು. ಹೈಡ್ರೋಜನ್ ಬರುತ್ತದೆ, ಹಾಗಾಗಿ ಬಯಲಲ್ಲೇ ಮಾಡಬೇಕು, ವೈರ್ ಕೀಳುವ ಮೊದಲು ಚಾರ್ಜರ್ ಸ್ವಿಚ್ ಆಫ್ ಮಾಡಬೇಕು. ಮೊದಲ ಸಲಕ್ಕೆ ನಿಂಬೆ ಉಪ್ಪೇ ಸುಲಭ.

ರೋಡ್‌ಕಿಂಗ್ 87, ಮೈಸೂರು

ಎರಡು ವಾರ ಆಯಿತು, ಏನೇನು ಮಾಡಿದೆ ಅಂತ ಹೇಳುತ್ತೇನೆ.

ಒಂದು ಕೆ.ಜಿ. ನಿಂಬೆ ಉಪ್ಪು ತಂದೆ. ಅಮ್ಮ ಸ್ನಾನದ ಬಿಸಿನೀರು ತಾರಸಿಗೆ ಹೊತ್ತು ತಂದರು. ಮೊದಲ ಸಲ ಬಗ್ಗಿಸಿದಾಗ ಬಂದ ನೀರು ಗಟ್ಟಿ ಚಹಾ ಬಣ್ಣ, ಜೊತೆಗೆ ಹೊಟ್ಟಿನ ಹಾಗೆ ತುಕ್ಕಿನ ಚಕ್ಕೆ. ಹದಿನೆಂಟು ನಟ್ಟು ಹಾಕಿದ್ದೆ, ಹದಿನೇಳು ಬಂತು. ಒಂದಕ್ಕಾಗಿ ಅರ್ಧ ಗಂಟೆ ಟ್ಯಾಂಕ್ ತಲೆಕೆಳಗೆ ಹಿಡಿದು ಅಲ್ಲಾಡಿಸಿದೆ. ಅಮ್ಮ ಸ್ಪೀಕರ್ ಅಯಸ್ಕಾಂತ ದಾರಕ್ಕೆ ಕಟ್ಟಿ ಒಳಗೆ ಬಿಟ್ಟು ತೆಗೆದರು. ಎರಡನೇ ರಾತ್ರಿ ಆದ ಮೇಲೆ ಒಳಗೆ ಬೂದು ಬಣ್ಣದ ತಗಡು ಕಾಣಿಸಿತು. 1987ರಲ್ಲಿ ಕಂಡ ಹಾಗೇ ಇರಬೇಕು.

ಆದರೆ ಸೋಪು ಹೋದ ಜಾಗದಲ್ಲಿ ಒಂದಲ್ಲ, ನಾಲ್ಕು ತೂತು. ಟಾರ್ಚ್ ಒಳಗೆ ಬಿಟ್ಟು ಕತ್ತಲಲ್ಲಿ ನೋಡಿದರೆ ನಕ್ಷತ್ರದ ಹಾಗೆ ಬೆಳಕು. ತುಕ್ಕೇ ಅವನ್ನು ಮುಚ್ಚಿಕೊಂಡಿತ್ತು.

ಗಲ್ಫ್ ವೆಲ್ಡರ್, ಉಡುಪಿ ಮೂಲ, ಈಗ ಮಸ್ಕತ್

ಈಗ ಕಂಡಿದ್ದು ಒಳ್ಳೆಯದಾಯಿತು, ರೋಹ್ತಾಂಗ್ ಘಾಟಿ ಆಚೆ ಕಂಡಿದ್ದರೆ ಕಷ್ಟ. ಬರೀ ಎಪಾಕ್ಸಿ ಅಂಟು ಮೆತ್ತಿ ಬಿಡಬೇಡಿ. ಸುತ್ತಲಿನ ತಗಡು ತೆಳ್ಳಗಾಗಿರುತ್ತದೆ, ತೇಪೆ ಹಾಕಿ ಬೆಸೆಯಬೇಕು. ಮೇಲೆ ಹೇಳಿದ ಪ್ರಶ್ನೆ ಕೇಳಿ, ಸರಿಯಾದವರ ಹತ್ತಿರ ಕೊಡಿ. ಅದಾದ ಮೇಲೆ ಒಳಗಡೆ ಸೀಲರ್ (ಸೋರದ ಹಾಗೆ ತಡೆಯುವ ಲೇಪ) ಹಾಕಿ. ಡಬ್ಬಿ ಮೇಲೆ ಎಥನಾಲ್‌ಗೆ ತಡೆಯುತ್ತದೆ ಅಂತ ಬರೆದಿರುವುದನ್ನೇ ತೆಗೆದುಕೊಳ್ಳಿ.

ಲ್ಯಾಬ್ ಮೇಡಂ, ತುಮಕೂರು

ಎಥನಾಲ್ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. 20% ಎಥನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಬಿಡುಗಡೆ ಆಯಿತು, ಈಗ ಎಲ್ಲ ಕಡೆ ಅದೇ. ಎಥನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕೆ ಕೂರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಹಳೇ ರಬ್ಬರ್ ಪೈಪ್, ವಾಷರ್ ಕೂಡ ಉಬ್ಬುತ್ತವೆ, ಹೊಸದು ಹಾಕಿ. ದಾವಣಗೆರೆಯವರೇ, ನಿಮ್ಮ ಫೈಬರ್ ಟ್ಯಾಂಕ್ ಯಾವ ರೆಸಿನ್? ಸಾದಾ ಪಾಲಿಯೆಸ್ಟರ್ ಆದರೆ ಎಥನಾಲ್‌ಗೆ ಮೆತ್ತಗಾಗುತ್ತದೆ. ಒಮ್ಮೆ ನೋಡಿ.

ಆರೆಕ್ಸ್ ಪ್ರೇಮಿ, ದಾವಣಗೆರೆ

ಮೇಡಂ, ಪಾಲಿಯೆಸ್ಟರೇ. ನೀವು ಹೇಳಿದ ಮೇಲೆ ಪೆಟ್ರೋಲ್ ಇಳಿಸಿ ಕೈ ಹಾಕಿದೆ, ಒಳಗೆ ಬೆರಳಿಗೆ ಅಂಟುತ್ತಿದೆ. ಉಗುರಲ್ಲಿ ಒತ್ತಿದರೆ ಗುರುತು ಬೀಳುತ್ತದೆ. ಹೋದ ತಿಂಗಳು ಪಿಸ್ಟನ್ ಜಾಮ್ ಆದಾಗ ಕಾರ್ಬೊರೇಟರ್‌ನಲ್ಲಿ ಬೆಲ್ಲದ ಪಾಕದ ಹಾಗೆ ಏನೋ ಸಿಕ್ಕಿತ್ತು, ಮೆಕ್ಯಾನಿಕ್ ಕಲಬೆರಕೆ ಪೆಟ್ರೋಲ್ ಅಂದಿದ್ದರು. ಅದು ನನ್ನ ಟ್ಯಾಂಕೇ ಕರಗಿ ಬಂದಿದ್ದು. ತೆಗೆದು ಹಾಕಿ ಹಳೇ ತಗಡಿನ ಟ್ಯಾಂಕ್ ಹುಡುಕುತ್ತೇನೆ. ಹೊಗೆ ಉಪಾಯ ಹೇಳಿದ್ದಕ್ಕೂ ಕ್ಷಮಿಸಿ, ಹಾಸನದ ಅಣ್ಣಾ.

ಹಳೇ ಮೆಕ್ಯಾನಿಕ್, ಹಾಸನ

ಕ್ಷಮೆ ಯಾಕೆ ತಮ್ಮಾ. ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡ್, ಶಿವಾಜಿನಗರದ ಗುಜರಿ ಎರಡೂ ಕಡೆ ನೋಡು. ಹಳೇದು ತೆಗೆದುಕೊಳ್ಳುವಾಗ ಹೊರಗಿನ ಹೊಳಪು ನೋಡಬೇಡ, ತಳದಲ್ಲಿ ಅಯಸ್ಕಾಂತ ಇಟ್ಟು ನೋಡು. ಹಿಡಿಯದಿದ್ದರೆ ಅಲ್ಲಿ ತಗಡೇ ಇಲ್ಲ, ಬರೀ ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥ.

ರೋಡ್‌ಕಿಂಗ್ 87, ಮೈಸೂರು

ಕೆಲಸ ಮುಗಿಯಿತು.

ಮೂರು ಅಂಗಡಿ ಸುತ್ತಿದೆ. ಎರಡು ಕಡೆ "ಏನೂ ಆಗಲ್ಲ ಕೊಡಿ" ಅಂದರು, ಎತ್ತಿಕೊಂಡು ಬಂದೆ. ಮೂರನೆಯವರು ವಯಸ್ಸಾದವರು, ರೇಡಿಯೇಟರ್ ಕೆಲಸ. ನಾನು ಕೇಳುವ ಮೊದಲೇ "ಎಷ್ಟು ದಿನ ಆಯ್ತು ಪೆಟ್ರೋಲ್ ಇಳಿಸಿ, ಏನಲ್ಲಿ ತೊಳೆದೆ" ಅಂತ ಕೇಳಿದರು. ಬಿಸಿನೀರು ಸೋಡಾದಲ್ಲಿ ಅವರೇ ಮತ್ತೆ ತೊಳೆದರು. ಟ್ಯಾಂಕ್ ಮಗುಚಿ ನೀರು ತುಂಬಿ, ತೂತಿನ ಹತ್ತಿರ ಒಂದು ಬೆರಳು ಬಿಟ್ಟು, ಆ ಜಾಗಕ್ಕೂ ಆರ್ಗಾನ್ ಬಿಟ್ಟುಕೊಂಡೇ ತೇಪೆ ಬೆಸೆದರು. ನನ್ನನ್ನು ರಸ್ತೆ ಆಚೆ ನಿಲ್ಲಿಸಿದ್ದರು.

ಆಮೇಲೆ ಎರಡು ಭಾಗದ ಎಪಾಕ್ಸಿ ಸೀಲರ್. ಕಾಕ್ ಹಾಕುವ ತಿರುಪಿಗೆ ಗ್ರೀಸ್ ಸವರಿ ಬಿರಡೆ ಹಾಕಿ, ಟ್ಯಾಂಕನ್ನು ಮಗು ಆಡಿಸುವ ಹಾಗೆ ಎಲ್ಲಾ ಕಡೆ ತಿರುಗಿಸಿ, ಉಳಿದದ್ದನ್ನು ಬಗ್ಗಿಸಿದೆ. ಡಬ್ಬಿ ಮೇಲೆ ಬರೆದಷ್ಟು ದಿನ ಮುಟ್ಟಲಿಲ್ಲ. ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿತ್ತು, ಸೂಜಿ ಹಾಕಿ ಬಿಡಿಸಿದೆ. ಅಪ್ಪ ಓಡಿಸುವಾಗ ಹತ್ತಿಪ್ಪತ್ತು ಕಿ.ಮೀ. ಆದಮೇಲೆ ಗಾಡಿ ಉಸಿರು ಕಟ್ಟಿದ ಹಾಗೆ ನಿಂತು, ಮುಚ್ಚಳ ತೆಗೆದರೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು, ಅದಕ್ಕೆ ಇದೇ ಕಾರಣ ಇರಬೇಕು.

ನಿನ್ನೆ ಎರಡು ಲೀಟರ್ ಹಾಕಿ, ಗಾಡಿ ಕೆಳಗೆ ಪೇಪರ್ ಹಾಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಪೇಪರ್ ಒಣಗಿತ್ತು. ಮೂರನೇ ಕಿಕ್‌ಗೆ ಸ್ಟಾರ್ಟ್. ಅಮ್ಮ ಒಳಗಿಂದ ಓಡಿಬಂದು ಬಾಗಿಲಲ್ಲಿ ನಿಂತರು, ಏನೂ ಮಾತಾಡಲಿಲ್ಲ. ಅವರನ್ನೇ ಹಿಂದೆ ಕೂರಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ. ವಾಪಸ್ ಬಂದು ತೇಪೆ ಮೇಲೆ ಬೆರಳಾಡಿಸಿದೆ, ಒಣಗಿದೆ. ಮುಂದಿನ ವಾರ ಟ್ಯಾಂಕ್ ಫುಲ್ ಮಾಡಿ, ರಿಸರ್ವ್‌ಗೆ ಬಂದಾಗ ಎಷ್ಟು ಕಿ.ಮೀ. ಆಗಿದೆ ಅಂತ ಇಲ್ಲೇ ಬರೆಯುತ್ತೇನೆ, ಲೇಹ್ ಲೆಕ್ಕಕ್ಕೆ ಬೇಕು.